ನಾಣ್ಯದ ಮೇಲಣ ಮುದ್ರೆ

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವೆಡೆಯಲ್ಲಿ ಮಂಗಳೂರಿನ ಹಳೆಯ ಬಂದರು ಇದೆ. ಶತಮಾನಗಳ ಕಾಲ ಕರಾವಳಿಯ ಅಕ್ಕಿಯೂ ಘಟ್ಟದ ಮೆಣಸೂ ಇಲ್ಲಿಂದ ಹಡಗೇರಿ ಗೋವೆಗೂ ಅರಬ್ಬೀ ನಾಡುಗಳಿಗೂ ಹೋಗುತ್ತಿದ್ದವು. ಮಾರುವವನ ಭಾಷೆ ಒಂದು, ಕೊಳ್ಳುವವನ ಭಾಷೆ ಮತ್ತೊಂದು. ಇಬ್ಬರಿಗೂ ಅರ್ಥವಾಗುತ್ತಿದ್ದುದು ಚಿನ್ನದ ನಾಣ್ಯ. ಅದರ ಮೇಲಿನ ಪರಿಚಿತ ಚಿತ್ರ ಬದಲಾದರೆ ವ್ಯಾಪಾರಿಗೆ ಶಂಕೆ ಮೂಡುವುದು ಸಹಜ. ಆದುದರಿಂದ ಹಳೆಯ ನಾಣ್ಯವನ್ನು ಅನುಕರಿಸಿ ಹೊಸ ನಾಣ್ಯವನ್ನು ಟಂಕಿಸುವ ಪದ್ಧತಿ ಲೋಕದ ಅನೇಕ ಕಡೆಗಳಲ್ಲಿ ಬೆಳೆಯಿತು.

ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್ ಮ್ಯಾಸಿಡೋನಿಯಾವನ್ನು ಆಳುತ್ತಿದ್ದನು. ಅವನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಅಪೊಲೊ ದೇವತೆಯ ಶಿರಸ್ಸು, ಇನ್ನೊಂದು ಮುಖದಲ್ಲಿ ಎರಡು ಕುದುರೆಗಳ ರಥ. ಗ್ರೀಕರ ಸೈನ್ಯಗಳಲ್ಲಿ ಸಂಬಳಕ್ಕೆ ದುಡಿದ ಕೆಲ್ಟ್ ಜನರು ಇಂತಹ ನಾಣ್ಯಗಳನ್ನು ಕಂಡು, ತಮ್ಮ ನಾಡಿನಲ್ಲಿ ಅವುಗಳ ಮಾದರಿಯಲ್ಲಿ ನಾಣ್ಯ ಮಾಡಿದರು. ಪ್ರತಿಯನ್ನು ನೋಡಿ ಮತ್ತೊಂದು ಪ್ರತಿ ಹುಟ್ಟಿತು. ತಲೆಮಾರುಗಳು ಕಳೆದಂತೆ ಅಪೊಲೊನ ಮುಡಿ ಬಳ್ಳಿಯಂತಾಯಿತು. ಓದಲು ಬಾರದ ಗ್ರೀಕ್ ಅಕ್ಷರಗಳು ಬರಿಯ ಗೆರೆಗಳಾದವು. ರಥ ಮಾಯವಾಗಿ, ಎಷ್ಟೋ ಕಡೆ ಒಂಟಿ ಕುದುರೆ ಉಳಿಯಿತು.

ಇಂತಹುದೇ ಪರಂಪರೆಯೊಂದು ಕನ್ನಡನಾಡಿನಲ್ಲಿಯೂ ಉಂಟು. ವಿಜಯನಗರದ ಎರಡನೆಯ ಹರಿಹರನು (1377–1404) ಉಮಾಮಹೇಶ್ವರರ ಚಿತ್ರವುಳ್ಳ ಚಿನ್ನದ ನಾಣ್ಯವನ್ನು ಹೊರಡಿಸಿದನು. ಮುಂದೆ ಮಂಗಳೂರು ಸೀಮೆಯನ್ನೂ ಆಳಿದ ಕೆಳದಿಯ ನಾಯಕರು ಶಿವಪಾರ್ವತಿಯರ ಚಿತ್ರವನ್ನು ತಮ್ಮ ನಾಣ್ಯಕ್ಕೆ ಅಳವಡಿಸಿ, ಹಿಂಬದಿಯಲ್ಲಿ ನಾಗರೀ ಲಿಪಿಯಲ್ಲಿ 'ಶ್ರೀ ಸದಾಶಿವ' ಎಂದು ಬರೆಯಿಸಿದರು. ಸುಮಾರು 3.4 ಗ್ರಾಂ ತೂಕದ ಈ ನಾಣ್ಯವೇ ಇಕ್ಕೇರಿ ವರಾಹ. ಹಂದಿಯ ಲಾಂಛನದಿಂದ ಬಂದ 'ವರಾಹ' ಎಂಬ ಹೆಸರು, ಆ ಲಾಂಛನವಿಲ್ಲದ ನಾಣ್ಯಕ್ಕೂ ಅಂಟಿಕೊಂಡಿತು. ಜನರ ರೂಢಿಯ ಬಲ ಅಂತಹುದು.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಅದೇ ವರ್ಷ ಮಂಗಳೂರೂ ಅವನ ವಶವಾಯಿತು. ರಾಜ್ಯ ಬದಲಾಯಿತು, ಅರಸನ ಮತ ಬೇರೆ, ಆದರೆ ಅವನು ಹೊರಡಿಸಿದ ವರಾಹದ ಮೇಲೆ ಶಿವಪಾರ್ವತಿಯರು ಹಾಗೆಯೇ ಕುಳಿತಿದ್ದರು. ಹಿಂಬದಿಯಲ್ಲಿ ಮಾತ್ರ ಚುಕ್ಕಿಗಳ ನಡುವೆ ಅವನ ಹೆಸರಿನ ಮೊದಲಕ್ಷರ ಪಾರಸೀ ಲಿಪಿಯಲ್ಲಿ ಮೂಡಿತು. ಯುದ್ಧದಿಂದ ನಾಡನ್ನು ಗೆಲ್ಲಬಹುದು, ಪೇಟೆಯ ವಿಶ್ವಾಸವನ್ನು ಗೆಲ್ಲಲಾಗದೆಂಬ ವ್ಯವಹಾರಜ್ಞಾನ ಆ ಒಂದಕ್ಷರದಲ್ಲಿ ಅಡಗಿದೆ. ಹೈದರನ ಮಗ ಟಿಪ್ಪು ಸುಲ್ತಾನನು ದೇವತೆಗಳ ಚಿತ್ರವನ್ನು ಬಿಟ್ಟು ಪಾರಸೀ ಲಿಪಿಯ ನಾಣ್ಯಗಳನ್ನು ಟಂಕಿಸಿದನು. ಆದರೂ ತಂದೆಯ ಆ ಅಕ್ಷರವನ್ನು ಉಳಿಸಿಕೊಂಡನು. 1799ರ ನಂತರ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದ ಮೇಲೆ ಶಿವಪಾರ್ವತಿಯರು ಮತ್ತೆ ಕಾಣಿಸಿಕೊಂಡರು.

ಹಾಗಾದರೆ ಅನುಕರಣೆಗೂ ಖೋಟಾ ನಾಣ್ಯಕ್ಕೂ ಭೇದವೇನು? ಎರಡೂ ಕಣ್ಣಿಗೆ ಒಂದೇ ತೆರನಾಗಿ ಕಾಣಬಹುದು. ಆದರೆ ಚಿನಿವಾರನು ಚಿತ್ರವನ್ನು ನೋಡಿ ಸುಮ್ಮನಾಗುತ್ತಿರಲಿಲ್ಲ. ತಕ್ಕಡಿಯಲ್ಲಿ ತೂಗಿ, ಒರೆಗಲ್ಲಿಗೆ ಉಜ್ಜಿ ನೋಡುತ್ತಿದ್ದನು. ಖೋಟಾ ನಾಣ್ಯ ಮಾಡುವವನು ಹಿಂದಿನವರು ಗಳಿಸಿದ ನಂಬಿಕೆಯನ್ನು ಕದಿಯುತ್ತಾನೆ. ಒಳ್ಳೆಯ ಅರಸನು ಅದನ್ನು ಎರವಲು ಪಡೆದು, ಸರಿಯಾದ ತೂಕದಿಂದಲೂ ಶುದ್ಧವಾದ ಚಿನ್ನದಿಂದಲೂ ಆ ಸಾಲವನ್ನು ತೀರಿಸುತ್ತಾನೆ. ವರ್ಷವಿಡೀ ಬೆವರು ಸುರಿಸಿದ ರೈತನು ಒಂದು ವರಾಹವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಶ್ಚಿಂತೆಯಿಂದ ಮನೆಗೆ ಮರಳಬೇಕಾದರೆ, ಆ ಮುದ್ರೆ ಹೇಳುವ ಮಾತು ನಿಜವಾಗಿರಲೇಬೇಕು.