ಬಂದ ಮಾತು ನಿಂತಿದೆ, ಕಾಯಬಹುದೇ?

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಹತ್ತು ತಿಂಗಳು. ವರ್ಷ ತುಂಬಿದ ಹೊತ್ತಿಗೆ ಅಮ್ಮ, ಅಜ್ಜಿ, ಟಾಟಾ ಎನ್ನುತ್ತಿದ್ದ. ಈಗ ಅದೂ ನಿಂತಿದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಮೊಬೈಲ್ ಹಾಡು ಕೇಳಿದರೆ ಮಾತ್ರ ಪಕ್ಕದ ಕೋಣೆಯಿಂದ ಓಡಿ ಬರುತ್ತಾನೆ. ಆಟದ ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಾ ಕೂರುತ್ತಾನೆ. ಮಕ್ಕಳ ಡಾಕ್ಟರು ಆಟಿಸಂ ಇರಬಹುದು, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ಅತ್ತೆ, ಅವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಎನ್ನುತ್ತಾ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಿದ್ದಾರೆ. ಪರೀಕ್ಷೆ ಮಾಡಿಸಿದರೆ ಹಣೆಪಟ್ಟಿ ಅಂಟುತ್ತದೆಂದು ಯಜಮಾನರಿಗೆ ಭಯ. ಬಸುರಿಯಾಗಿದ್ದಾಗಲೂ ನಾನು ಕೆಲಸಕ್ಕೆ ಹೋದೆ, ಊಟ ಮಾಡಿಸಲು ಮೊಬೈಲ್ ಕೊಟ್ಟೆ, 16 ತಿಂಗಳ ಚುಚ್ಚುಮದ್ದು ಹಾಕಿಸಿದೆ. ರಾತ್ರಿ ನಿದ್ದೆಯಿಲ್ಲ. ನನ್ನಿಂದಲೇ ಹೀಗಾಯಿತೇ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ಇಲ್ಲಮ್ಮ, ನಿಮ್ಮಿಂದಲ್ಲ. ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತಿದ್ದೇನೆ, ಏಕೆಂದರೆ ಅದು ಎದೆಯ ಮೇಲೆ ಕೂತಿರುವಷ್ಟು ಹೊತ್ತು ಬೇರೆ ಮಾತು ಕಿವಿಗೆ ಬೀಳುವುದಿಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ನಂತರ ದಶಕಗಳ ಕಾಲ ವೈದ್ಯರೇ ತಾಯಂದಿರನ್ನು ದೂರಿದರು. ಅದು ದೊಡ್ಡ ಅನ್ಯಾಯ. 1977ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳನ್ನು ಅಧ್ಯಯನ ಮಾಡಿದಾಗ ವಂಶವಾಹಿಗಳ ಪಾತ್ರ ಎದ್ದು ಕಂಡಿತು. ಆಟಿಸಂನ ಬೇರು ಬಹುಮಟ್ಟಿಗೆ ಹುಟ್ಟುವ ಮೊದಲೇ ಮೆದುಳು ಬೆಳೆಯುವ ರೀತಿಯಲ್ಲಿದೆ. ನೀವು ಕೆಲಸಕ್ಕೆ ಹೋದದ್ದು ಕಾರಣವಲ್ಲ. ಲಸಿಕೆಯೂ ಅಲ್ಲ: ಆ ಸಂಶಯ ಹುಟ್ಟಿಸಿದ 1998ರ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಕೆಲವು ಮಕ್ಕಳಲ್ಲಿ ಬಂದ ಮಾತು ಹಿಂದೆ ಸರಿಯುವುದೂ ಆ ಚುಚ್ಚುಮದ್ದಿನ ವಯಸ್ಸಿನಲ್ಲೇ. ಅದಕ್ಕೇ ಒಂದರಿಂದ ಇನ್ನೊಂದಾಯಿತು ಎನಿಸುತ್ತದೆ.

ಆದರೆ ಕಾಯೋಣ ಎಂಬುದನ್ನು ನಾನು ಒಪ್ಪಲಾರೆ. ತಡವಾಗಿ ಮಾತಾಡುವ ಮಕ್ಕಳು ಇದ್ದಾರೆ, ನಿಜ. ಮಾತಿನಲ್ಲಿ ಹಿಂದಿರುವುದಷ್ಟೇ ತೊಂದರೆಯಾದ ಮಗು ಸಾಮಾನ್ಯವಾಗಿ ಆ ಕೊರತೆಯನ್ನು ಕಣ್ಣು, ಕೈಗಳಿಂದ ತುಂಬಿಕೊಳ್ಳುತ್ತದೆ. ‘ಚಪ್ಪಲಿ ತಗೊಂಬಾ’ ಎಂದರೆ ತರುತ್ತದೆ. ಬೀದಿಯಲ್ಲಿ ಹಸು ಕಂಡರೆ ಬೆರಳು ಮಾಡಿ, ಅಮ್ಮನೂ ನೋಡಿದಳೇ ಎಂದು ಅವಳ ಮುಖಕ್ಕೆ ತಿರುಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಇದು ಇರಬೇಕು. ನಿಮ್ಮ ಮಗ ಹೀಗೆ ತೋರಿಸುತ್ತಾನೆಯೇ? ಅಥವಾ ಬಿಸ್ಕತ್ತು ಬೇಕಾದಾಗ ನಿಮ್ಮ ಮುಖ ನೋಡದೆ ಕೈ ಹಿಡಿದು ಡಬ್ಬಿಯ ಬಳಿ ಎಳೆದೊಯ್ಯುತ್ತಾನೆಯೇ? ನಾನಾದರೆ ಮಾತಿಗಿಂತ ಮೊದಲು ಇದನ್ನು ಕೇಳುತ್ತೇನೆ. ಇನ್ನು ಬಂದ ಮಾತು ನಿಂತುಹೋಗುವುದು ಯಾವ ವಯಸ್ಸಿನಲ್ಲಾದರೂ ಬೇಗ ತೋರಿಸಬೇಕಾದ ಲಕ್ಷಣ. ಬಜೆಯಿಂದ ಅದು ಮರಳುವುದಿಲ್ಲ. ಅತ್ತೆಯವರ ಅಕ್ಕರೆಗೆ ನೋವಾಗದಂತೆ ನಿಲ್ಲಿಸಿ.

ಮೊದಲು ಕಿವಿಯ ಪರೀಕ್ಷೆ, ಮಗು ನಿದ್ದೆಯಲ್ಲಿರುವಾಗ ಮಾಡುವ ಬೇರಾ ಟೆಸ್ಟ್. ಮೊಬೈಲ್ ಹಾಡು ಕೇಳಿಸಿತೆಂದ ಮಾತ್ರಕ್ಕೆ ಎಲ್ಲ ಸ್ವರಗಳೂ ಕೇಳಿಸುತ್ತವೆಂದಲ್ಲ. ಆಟಿಸಂ ಇದೆಯೇ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ಆಡಿಸಿ ನೋಡಿ, ನಿಮ್ಮನ್ನು ವಿವರವಾಗಿ ಕೇಳಿ ತಜ್ಞರು ನಿರ್ಧರಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಇದಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಘಟಕ ಇದೆಯೇ ಎಂದೂ ವಿಚಾರಿಸಿ. ಹೋಗುವಾಗ ಮನೆಯಲ್ಲಿ ಅವನು ಆಡುವ, ಉಣ್ಣುವ ವಿಡಿಯೊ ಒಯ್ಯಿರಿ. ಹೊಸ ಜಾಗದಲ್ಲಿ ಮಕ್ಕಳು ಬೇರೆಯೇ ಆಗಿರುತ್ತಾರೆ. ‘ಆರು ತಿಂಗಳು ಬಿಟ್ಟು ಬನ್ನಿ, ಮತ್ತೆ ನೋಡೋಣ’ ಎಂದರೂ ಎದೆಗುಂದಬೇಡಿ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಕೆಲವೊಮ್ಮೆ ಹಾಗಾಗುತ್ತದೆ.

ಮನೆಯ ಕೆಲಸಕ್ಕೆ ಮಾತ್ರ ಯಾರ ವರದಿಯೂ ಬರಬೇಕಾಗಿಲ್ಲ, ಇವತ್ತೇ ಶುರುಮಾಡಿ. ನೆಲದಲ್ಲಿ ಅವನೆದುರು ಕೂತು ಅವನು ಚಕ್ರ ತಿರುಗಿಸಿದರೆ ನೀವೂ ಇನ್ನೊಂದನ್ನು ತಿರುಗಿಸಿ. ಕಾರು ಕಸಿಯಬೇಡಿ. ಸ್ನಾನದಲ್ಲಿ ಒಂದು ಚೊಂಬು ನೀರು ಹೊಯ್ದು ತಡೆಯಿರಿ. ಅವನು ನಿಮ್ಮತ್ತ ನೋಡಿದನೋ, ‘ನೀರು!’ ಎನ್ನುತ್ತಾ ಇನ್ನೊಂದು ಚೊಂಬು. ಜೋಕಾಲಿಯಲ್ಲೂ ಹಾಗೆಯೇ, ತೂಗಿ, ಹಿಡಿದು, ಕಾಯಿರಿ. ಉದ್ದ ಮಾತು ಬೇಡ, ‘ಹಾಲು’, ‘ಬಾ’ ಸಾಕು. ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಮಗೆ ಸಲೀಸಾಗಿ, ಪ್ರೀತಿಯಿಂದ ಬರುವ ಭಾಷೆಯೇ ಅವನಿಗೆ ಬೇಕು. ಮೊಬೈಲ್ ಆಟಿಸಂ ತಂದಿಲ್ಲ, ಆದರೆ ಮುಖ ನೋಡಿ ಕಲಿಯುವ ಹೊತ್ತನ್ನು ನುಂಗುತ್ತದೆ. ಎರಡು ವರ್ಷದೊಳಗೆ ಅದು ಬೇಡವೇ ಬೇಡ. ಊಟದ ಹೊತ್ತಿನಿಂದ ಬಿಡಿಸಲು ಶುರುಮಾಡಿ. ಸ್ಟೆಮ್‌ಸೆಲ್ ಹಾಕಿ ಗುಣಪಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಟಿಸಂಗೆ ಅದು ಚಿಕಿತ್ಸೆಯೆಂದು ಸಾಬೀತಾಗಿಲ್ಲ.

ನಿಮ್ಮ ಯಜಮಾನರಿಗೆ ಈ ಉತ್ತರವನ್ನು ಓದಲು ಕೊಡಿ. ತಪಾಸಣೆ ಬೇರೆ, ಅಂಗವಿಕಲತೆಯ ಪ್ರಮಾಣಪತ್ರ ಬೇರೆ. ಎರಡನೆಯದನ್ನು ನೀವು ಅರ್ಜಿ ಹಾಕಿದರೆ ಮಾತ್ರ ಕೊಡುತ್ತಾರೆ. ಮುಂದೆ ಬೇಕಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಶಾಲೆ ಸೇರುವಾಗ ಅದು ನೆರವಿಗೆ ಬರುತ್ತದೆ. ಹಣೆಪಟ್ಟಿಯ ಭಯಕ್ಕೆ ಈ ಎಳೆಯ ವಯಸ್ಸು ಕಳೆದುಹೋದರೆ ನಷ್ಟ ಮಗುವಿಗೆ. ತಪಾಸಣೆಗೆ ಅವರೂ ಬರಲಿ, ರಾತ್ರಿ ಮಗುವನ್ನು ಮಲಗಿಸುವ ಸರದಿಯಲ್ಲೂ ಪಾಲು ತೆಗೆದುಕೊಳ್ಳಲಿ. ನಿಮಗೆ ನಿದ್ದೆ ಬೇಕು. ನಿದ್ದೆಯಿಲ್ಲದ ರಾತ್ರಿಗಳು ಹೀಗೇ ಎರಡು ವಾರ ಮುಂದುವರಿದರೆ, ಅಥವಾ ಬದುಕೇ ಬೇಡವೆನಿಸಿದರೆ ಆ ಕ್ಷಣವೇ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.