ಹೋಟೆಲಿಗೂ ಒಂದು ಹೊತ್ತಿದೆ

ಪ್ರಶ್ನೆ: ನಾವು ಐದಾರು ಜನ ಗೆಳೆಯರು. ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿ ಅಲ್ಲಿನ ತಿಂಡಿ, ಊಟದ ರುಚಿ ನೋಡುವುದೆಂದರೆ ನಮಗೆ ಪ್ರಾಣ. ಆದರೆ ಒಬ್ಬರು ಬಾಯಿ ತುಂಬ ಹೊಗಳಿದ ಹೋಟೆಲಿಗೆ ಹೋದರೆ ಉಳಿದವರಿಗೆ ‘ಇಷ್ಟೇನಾ?’ ಅನ್ನಿಸಿಬಿಡುತ್ತದೆ. ಮೊಬೈಲಿನಲ್ಲಿ ನಾಲ್ಕೂವರೆ ಸ್ಟಾರ್ ನೋಡಿಕೊಂಡು ಹೋದಾಗಲೂ ಹೀಗೇ ಆಗಿದೆ. ಇಂಥ ಶಿಫಾರಸುಗಳನ್ನು ಎಷ್ಟು ನಂಬಬೇಕು? ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಹೋಟೆಲ್ ಹುಡುಕುವುದು ಹೇಗೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಗಳಿದವರು ಸುಳ್ಳು ಹೇಳಿರುವುದಿಲ್ಲ, ಅರ್ಧ ಹೇಳಿರುತ್ತಾರೆ. ‘ಆ ಹೋಟೆಲ್ ಬಹಳ ಚೆನ್ನಾಗಿದೆ, ಹೋಗಿ ಬನ್ನಿ’ ಎನ್ನುವಾಗ ಅಲ್ಲಿ ಏನು ತಿನ್ನಬೇಕು, ಯಾವ ಹೊತ್ತಿಗೆ ತಿನ್ನಬೇಕು ಎಂಬ ಎರಡು ಸಂಗತಿ ಬಿಟ್ಟುಹೋಗಿರುತ್ತವೆ. ನಮ್ಮ ಕಡೆಯ ಸಣ್ಣ ಹೋಟೆಲುಗಳ ಮಟ್ಟಿಗೆ ಮುಖ್ಯವಾದವು ಈ ಎರಡೇ. ಬೆಳಗಿನ ಇಡ್ಲಿಗೆ ಹೆಸರಾದ ಕಡೆ ರಾತ್ರಿ ಒಂಬತ್ತಕ್ಕೆ ಹೋಗಿ ಗೋಬಿ ಮಂಚೂರಿ ತಿಂದು ಬಂದವರು ಆ ಹೋಟೆಲನ್ನು ನೋಡಿದಂತೆಯೇ ಅಲ್ಲ.

ಹೊತ್ತು ಯಾಕೆ ಅಷ್ಟು ಮುಖ್ಯ ಎನ್ನುವುದನ್ನು ದೋಸೆಯಿಂದಲೇ ನೋಡಬಹುದು. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ರಾತ್ರಿಯಿಡೀ ಹುದುಗಿ, ಬೆಳಗಿನ ಹೊತ್ತಿಗೆ ಹದವಾದ ಹುಳಿಗೆ ಬಂದಿರುತ್ತದೆ. ಮಧ್ಯಾಹ್ನ ದಾಟಿದರೆ ಅದೇ ಹಿಟ್ಟು ಹುಳಿ ಹೆಚ್ಚಿ ಬೇರೆಯೇ ರುಚಿಯಾಗುತ್ತದೆ. ಕಾವಲಿಯದೂ ಇದೇ ಕತೆ. ಆಗತಾನೆ ಒಲೆ ಹೊತ್ತಿಸಿದಾಗ ಕಬ್ಬಿಣದ ಕಾವಲಿ ಎಲ್ಲ ಕಡೆ ಒಂದೇ ಸಮ ಕಾದಿರುವುದಿಲ್ಲ, ಮೊದಲ ಒಬ್ಬೆಯ ದೋಸೆಗಳು ಬಿಳಿಚಿಕೊಂಡಿರುತ್ತವೆ. ಜನ ಬರತೊಡಗಿ ಒಬ್ಬೆಯ ಮೇಲೆ ಒಬ್ಬೆ ಬಿದ್ದ ಮೇಲೆ ನೋಡಿ: ಭಟ್ಟರು ನೀರು ಚಿಮುಕಿಸುತ್ತಾರೆ, ಹನಿಗಳು ಚುಂಯ್ ಎಂದು ಕುಣಿದು ಆರುತ್ತವೆ, ಕಡ್ಡಿ ಪೊರಕೆಯಿಂದ ಕಾವಲಿ ಗುಡಿಸಿ, ಹತ್ತು ಹನ್ನೆರಡು ಕಡೆ ಹಿಟ್ಟು ಹುಯ್ದು, ಬಟ್ಟಲಿನ ತಳದಿಂದ ನಡುವಿನಿಂದ ಅಂಚಿಗೆ ಒಂದೊಂದನ್ನೇ ಸುತ್ತಿ ಬಿಡುತ್ತಾರೆ. ಆಗ ಕೆಳಗಿನ ಮೈ ಒಂದೇ ಬಣ್ಣಕ್ಕೆ ಕೆಂಪಾಗುತ್ತದೆ, ಒಳಗೆ ಮೆದು ಉಳಿಯುತ್ತದೆ. ಚಟ್ನಿಯೂ ಆ ಹೊತ್ತಿನಲ್ಲಿ ಮತ್ತೆ ಮತ್ತೆ ರುಬ್ಬಿ ಬರುತ್ತದೆ. ಅಂದರೆ ಜನಸಂದಣಿ ಬರೀ ಹೆಸರಿನ ಗುರುತಲ್ಲ, ರುಚಿಗೆ ಅದೇ ಒಂದು ಕಾರಣ. ಖಾಲಿ ಹೊತ್ತು ನೋಡಿಕೊಂಡು ಹೋದರೆ ಕುರ್ಚಿ ಸಿಗುತ್ತದೆ, ದೋಸೆ ಸಿಗುವುದಿಲ್ಲ.

ಬೆಂಗಳೂರಿನ ಹಳೆಯ ಹೋಟೆಲುಗಳನ್ನೇ ತೆಗೆದುಕೊಳ್ಳಿ. 1943ರಲ್ಲಿ ಶುರುವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗುವುದು ಮಸಾಲೆ ದೋಸೆಗೆ. ಮಾಣಿ ಒಂದೇ ಕೈ ಮೇಲೆ ತಟ್ಟೆಗಳನ್ನು ಹೆಗಲವರೆಗೆ ಪೇರಿಸಿಕೊಂಡು ಬಂದು, ಮೇಜಿಗೊಂದರಂತೆ ಇಳಿಸುತ್ತ ಹೋಗುವುದನ್ನು ಅಲ್ಲಿ ಕಣ್ಣಾರೆ ನೋಡಬೇಕು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ದೋಸೆಯೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟರಲ್ಲೇ ಅವರ ಪಟ್ಟಿ ಮುಗಿಯಿತು. ಸಾಂಬಾರನ್ನೂ ಕೊಡುವುದಿಲ್ಲ, ಚಟ್ನಿ ಮಾತ್ರ ಕೇಳಿದಷ್ಟು ಹಾಕುತ್ತಾರೆ. ಸಾಂಬಾರಿಲ್ಲದ ಇಡ್ಲಿ ಇಡ್ಲಿಯೇ ಅಲ್ಲ ಎನ್ನುವ ಗೆಳೆಯರನ್ನು ಕರೆದುಕೊಂಡು ಹೋಗುವಾಗ ಇದನ್ನು ಮೊದಲೇ ಹೇಳಿಬಿಡಬೇಕು. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಷ್ಟು ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎನ್ನುತ್ತಾರೆ ಅವರು. ಅಲ್ಲಿ ರವೆ ಇಡ್ಲಿಯನ್ನು ತುಪ್ಪದ ಜೊತೆ ತಿಂದು ನೋಡದೆ ಬರಬಾರದು. ವಾರದ ರಜೆಯೂ ಒಬ್ಬೊಬ್ಬರದು ಒಂದೊಂದು ದಿನ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂಟಿಆರ್‌ಗೆ ಸೋಮವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ. ದೂರದಿಂದ ಬರುವವರು ಇದನ್ನು ವಿಚಾರಿಸಿಕೊಂಡೇ ಹೊರಡುವುದು ಒಳ್ಳೆಯದು.

ಮಾಂಸಾಹಾರದಲ್ಲಿ ಹೊತ್ತಿನ ಲೆಕ್ಕ ಇನ್ನೂ ಬಿಗಿ. ಮಿಲಿಟರಿ ಹೋಟೆಲುಗಳಲ್ಲಿ ಬೆಳಿಗ್ಗೆ ಇಡ್ಲಿಯ ಜೊತೆ ಕಾಲು ಸೂಪು, ಮಧ್ಯಾಹ್ನ ಮುದ್ದೆ, ಚಾಪ್ಸ್, ದೊನ್ನೆ ಬಿರಿಯಾನಿ. ಜೀರಿಗೆ ಸಾಂಬಾ ಅಕ್ಕಿಯ ದೊನ್ನೆ ಬಿರಿಯಾನಿ ದಮ್ಮಿನಿಂದ ಇಳಿಸಿದ ಬಿಸಿಯಲ್ಲಿ ತಿನ್ನುವಂಥದ್ದು. ಹಂಡೆ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು, ಮೂರು ಗಂಟೆಗೆ ಹೋಗಿ ಕೇಳಿದರೆ ಬಹಳ ಕಡೆ ಇಲ್ಲವೆಂದೇ ಉತ್ತರ. ಹೊಸಕೋಟೆಯಲ್ಲಂತೂ ವಾರಾಂತ್ಯದಲ್ಲಿ ನಸುಕಿನ ನಾಲ್ಕಕ್ಕೇ ಬಿರಿಯಾನಿಗೆ ಸಾಲು ನಿಂತಿರುತ್ತದೆ.

ನಿಮ್ಮೂರಿಗೆ ಹತ್ತಿರದ ದಾವಣಗೆರೆಗೆ ಬರೋಣ. ಬೆಣ್ಣೆ ದೋಸೆ ಈಗ ಎಲ್ಲ ಊರುಗಳ ಬೋರ್ಡಿನಲ್ಲೂ ಇದೆ. ಆದರೆ ಮಸಾಲೆ ದೋಸೆಗೆ ಬೆಣ್ಣೆ ಹಾಕಿದರೆ ಅದು ದಾವಣಗೆರೆಯದಾಗುವುದಿಲ್ಲ. ಅಲ್ಲಿ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ದೋಸೆಯ ಅಂಚು ಗರಿಗರಿ, ನಡು ಹತ್ತಿಯಂತೆ ಮೃದುವಾಗಿರುವುದು ಅದರಿಂದಲೇ. ಬೆಣ್ಣೆಗೆ ಉಪ್ಪಿಲ್ಲ. ಜೊತೆಗೆ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಖಾರದ ಕಾಯಿ ಚಟ್ನಿ. ದೋಸೆ ಅಗಲದಲ್ಲಿ ಸಣ್ಣದಾದ್ದರಿಂದ ಒಂದಕ್ಕೆ ಏಳುವವರು ಕಡಿಮೆ. ಇದನ್ನು ಕಾವಲಿಯ ಹತ್ತಿರವೇ ಕೂತು ತಿನ್ನಿ. ಪಾರ್ಸೆಲ್ ಕಟ್ಟಿಸಿದರೆ ಪೊಟ್ಟಣದೊಳಗಿನ ಹಬೆಗೆ ಅಂಚೆಲ್ಲ ಮೆತ್ತಗಾಗಿ, ಆ ದೋಸೆಯ ಗುಣವೇ ಹೋಗಿಬಿಡುತ್ತದೆ. ಸಂಜೆಗೆ ದೋಸೆಯ ಯೋಚನೆ ಬಿಟ್ಟು ಮಂಡಕ್ಕಿ, ಮಿರ್ಚಿಯ ಕಡೆ ತಿರುಗಿ. ಆ ಊರಿನವರ ಸಂಜೆ ನಡೆಯುವುದೂ ಹಾಗೆಯೇ.

ಇನ್ನೂ ಮೇಲಕ್ಕೆ, ಹುಬ್ಬಳ್ಳಿ–ಧಾರವಾಡದ ಕಡೆ ಹೋದರೆ ಮಧ್ಯಾಹ್ನವನ್ನು ಖಾನಾವಳಿಗೆ ಮೀಸಲಿಡಿ. ಊರು ಬಿಟ್ಟು ಬಂದ ವಿದ್ಯಾರ್ಥಿಗಳು, ನೌಕರರು ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಿದ್ದ ಜಾಗಗಳಿವು. ದಿನಾ ಉಣ್ಣುವವರಿಗೆ ಮಾಡುವ ಅಡುಗೆ ಮನೆಯ ಹಾಗಿರಬೇಕು, ಹೊಟ್ಟೆಗೆ ಭಾರವಾಗಬಾರದು. ಆ ಕಟ್ಟುನಿಟ್ಟು ಒಳ್ಳೆಯ ಖಾನಾವಳಿಗಳಲ್ಲಿ ಇಂದಿಗೂ ಉಳಿದಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನಿಶ್ಚಿಂತೆಯಿಂದ ಕೂತುಕೊಳ್ಳಿ, ಹೆಂಚಿನಿಂದ ಎದ್ದ ರೊಟ್ಟಿ ನೇರ ತಾಟಿಗೇ ಬರುತ್ತದೆ. ಎಣ್ಣೆಗಾಯಿ, ಕಾಳಿನ ಪಲ್ಯ, ಪುಂಡಿ ಪಲ್ಯ ಅಥವಾ ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೆಂತ್ಯೆ ಸೊಪ್ಪು. ಕಡಕ್ ರೊಟ್ಟಿ ಬೇಕೋ ಬಿಸಿ ರೊಟ್ಟಿಯೋ ಎಂದು ಕೇಳುತ್ತಾರೆ. ಮೊದಲ ಸಲ ಹೋಗುವವರು ಬಿಸಿ ರೊಟ್ಟಿಯನ್ನೇ ಹೇಳಬೇಕು, ಅದು ಮನೆಗೆ ಕಟ್ಟಿಸಿಕೊಂಡು ಹೋಗಲು ಬರುವುದಿಲ್ಲ. ಮಾಂಸ ತಿನ್ನುವವರಿಗೆ ಸಾವಜಿ ಖಾನಾವಳಿಗಳಿವೆ. ಅಲ್ಲಿನ ಖಾರ ಸಾಮಾನ್ಯದ್ದಲ್ಲ, ರೊಟ್ಟಿಯನ್ನು ಜೊತೆಗಿಟ್ಟುಕೊಂಡೇ ಶುರುಮಾಡಿ. ಸಂಜೆಯಾದರೆ ಗಿರ್ಮಿಟ್ಟು: ಈರುಳ್ಳಿ, ಹುಣಸೆಹುಳಿ ಹಾಕಿ ಬಾಡಿಸಿದ ಗೊಜ್ಜಿಗೆ ಮಂಡಕ್ಕಿ, ಪುಟಾಣಿ ಹಿಟ್ಟು ಕಲಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ ಕೊಡುತ್ತಾರೆ. ಕಲಸಿದ ಕೂಡಲೇ ತಿನ್ನಬೇಕು, ಮಾತಿಗೆ ನಿಂತರೆ ಮಂಡಕ್ಕಿ ಮೆತ್ತಗಾಗುತ್ತದೆ.

ಘಟ್ಟ ಇಳಿದರೆ ಗಡಿಯಾರದ ಜೊತೆಗೆ ಕ್ಯಾಲೆಂಡರೂ ಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ಆ ಎರಡು ತಿಂಗಳು ತಾಜಾ ಮೀನು ಸಿಗುವುದು ನಾಡದೋಣಿಯವರು ತಂದಷ್ಟು ಮತ್ತು ಹೊಳೆಯಲ್ಲಿ ಹಿಡಿದಷ್ಟು, ಉಳಿದದ್ದು ಮಂಜುಗಡ್ಡೆಯದು ಅಥವಾ ಬೇರೆ ಕಡೆಯಿಂದ ಬಂದದ್ದು. ಆದ್ದರಿಂದ ಮಂಗಳೂರು, ಉಡುಪಿ, ಕುಂದಾಪುರಗಳ ಮೀನೂಟದ ಹೋಟೆಲಿನಲ್ಲಿ ಮೆನು ಕಾರ್ಡ್ ಕೈಗೆತ್ತಿಕೊಳ್ಳುವ ಮೊದಲು ‘ಇವತ್ತು ಯಾವ ಮೀನು ಬಂದಿದೆ?’ ಎಂದು ಕೇಳಿ. ಹೆಸರು ಕೇಳಿದ್ದೀರೆಂದು ಅಂಜಲ್‌ಗೇ ಪಟ್ಟು ಹಿಡಿಯಬೇಡಿ. ಬೂತಾಯಿ, ಬಂಗುಡೆಗಳು ಅಗ್ಗದ ಮೀನು, ಆದರೆ ಬೆಳಿಗ್ಗೆ ಧಕ್ಕೆಗೆ ಬಂದ ಬಂಗುಡೆಯ ಪುಳಿಮುಂಚಿಗೆ ಮಂಜಿನಲ್ಲಿ ದಿನ ಕಳೆದ ಅಂಜಲ್ ಸಮವಲ್ಲ. ಸಸ್ಯಾಹಾರಿಗಳು ಉಡುಪಿ ರಥಬೀದಿಯ ಮಿತ್ರ ಸಮಾಜದಲ್ಲಿ ಗೋಳಿಬಜೆ ತಿನ್ನಲಿ, ಬಾಣಲೆಯಿಂದ ಎತ್ತಿದ ಬಿಸಿಯಲ್ಲೇ ತಿನ್ನಲಿ.

ಇನ್ನು ಗೊತ್ತಿಲ್ಲದ ಊರಿನಲ್ಲಿ ಹುಡುಕುವ ಬಗೆ. ‘ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?’ ಎಂದು ಕೇಳಿದರೆ ಜನ ನಿಮ್ಮ ಬಟ್ಟೆ, ಕಾರು ನೋಡಿ, ನೀವು ಎಂಥವರೆಂದು ಊಹಿಸಿ, ಎಸಿ ಮತ್ತು ಪಾರ್ಕಿಂಗ್ ಇರುವ ಕಡೆ ಕೈ ತೋರಿಸುತ್ತಾರೆ. ಅದು ಅವರ ಮರ್ಯಾದೆ. ಅದರ ಬದಲು ‘ನೀವು ಬೆಳಿಗ್ಗೆ ತಿಂಡಿಗೆ ಎಲ್ಲಿ ಹೋಗ್ತೀರಿ? ಅಲ್ಲಿ ಏನು ತಗೋತೀರಿ?’ ಎಂದು ಕೇಳಿ ನೋಡಿ. ಬೇರೆಯೇ ಹೆಸರು ಬರುತ್ತದೆ, ಜೊತೆಗೆ ತಿಂಡಿಯ ಹೆಸರೂ ಬರುತ್ತದೆ. ಹೋಟೆಲಿನೊಳಗೆ ಕಾಲಿಟ್ಟ ಮೇಲೆ ಬೋರ್ಡು ನೋಡಿ. ಹತ್ತು ಹದಿನೈದು ಬಗೆ ಇರುವ ಸಣ್ಣ ಹೋಟೆಲಿನಲ್ಲಿ ಪ್ರತಿಯೊಂದೂ ಅಂದಂದೇ ಖರ್ಚಾಗುತ್ತದೆ. ಅದೇ ಗಾತ್ರದ ಅಡುಗೆಮನೆಗೆ ನೂರು ಬಗೆಯ ಪಟ್ಟಿ ಇದ್ದರೆ ಹೆಚ್ಚಿನವು ಫ್ರಿಜ್ಜಿನಿಂದ ಬರಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತು ತಿನ್ನುವ ದರ್ಶಿನಿಗಳು ಬೆಂಗಳೂರಿನ ತುಂಬ ಹಬ್ಬಿದವಲ್ಲ, ಅವುಗಳ ಗುಟ್ಟೂ ಇದೇ. ಮಾಡಿದ್ದು ನಿಂತ ಜಾಗದಲ್ಲೇ ಮುಗಿಯುತ್ತದೆ. ಕೊನೆಯದಾಗಿ ಅಕ್ಕಪಕ್ಕದ ಮೇಜುಗಳ ಕಡೆ ನೋಡಿ. ನಾಲ್ಕು ಮೇಜಿನಲ್ಲೂ ಒಂದೇ ತಿಂಡಿ ಕಂಡರೆ ಆ ಹೋಟೆಲಿನ ಉತ್ತರ ನಿಮಗೆ ಸಿಕ್ಕಿತು.

ಮೊಬೈಲಿನ ಸ್ಟಾರ್‌ಗಳನ್ನು ತಳ್ಳಿಹಾಕಬೇಕಿಲ್ಲ. ಆದರೆ ಅದರಲ್ಲಿ ಪಾರ್ಸೆಲ್ ತಡವಾದ ಸಿಟ್ಟು, ಪಾರ್ಕಿಂಗ್ ಸಿಗದ ಬೇಸರ, ಜ್ಯೂಸ್ ಚೆನ್ನಾಗಿದ್ದ ಖುಷಿ ಎಲ್ಲವೂ ಸೇರಿ ಒಂದು ಅಂಕಿಯಾಗಿರುತ್ತದೆ. ಅಂಕಿಯನ್ನು ಬಿಟ್ಟು ಜನ ಬರೆದದ್ದನ್ನು ಓದಿ, ಯಾವ ತಿಂಡಿಯ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ಗಮನಿಸಿ.

ಇಷ್ಟಾದರೂ ನಿಮ್ಮ ಗುಂಪಿನಲ್ಲಿ ಭಿನ್ನಾಭಿಪ್ರಾಯ ಉಳಿಯುತ್ತದೆ. ಅದಕ್ಕೆ ಕಾರಣ ನಾಲಿಗೆ ಬೆಳೆದ ಊರು. ಉಡುಪಿ ಕಡೆಯ ಸಾಂಬಾರಿಗೆ ಬೆಲ್ಲ ಬೀಳಲೇಬೇಕು. ಅಲ್ಲಿಯವರಿಗೆ ಅದೇ ಹದ, ಕಲಬುರಗಿಯವರಿಗೆ ಅದು ಸಿಹಿ. ಮುದ್ದೆಯನ್ನು ಅಗಿಯದೆ ನುಂಗುವ ರೂಢಿಯಿರುವ ಮಂಡ್ಯದವರಿಗೆ ಸಾರಿನ ಖಾರ, ಮಸಾಲೆಯ ಮೇಲೇ ಗಮನ, ರೊಟ್ಟಿ ಅಗಿದು ಉಣ್ಣುವವರಿಗೆ ಪಲ್ಯದ ಮೇಲೆ. ಆದ್ದರಿಂದ ಯಾರಾದರೂ ಹೊಗಳಿದರೆ ಅವರು ಯಾವ ಕಡೆಯವರೆಂದು ವಿಚಾರಿಸಿ. ನಿಮ್ಮ ರುಚಿಗೆ ಹತ್ತಿರದವರ ಒಂದು ಮಾತು ಸಾವಿರ ಸ್ಟಾರ್‌ಗಳಿಗಿಂತ ಕೆಲಸಕ್ಕೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ನಾನು ಇಷ್ಟು ಮನಸ್ಸಿಟ್ಟು ಉತ್ತರಿಸಲು ಇನ್ನೊಂದು ಕಾರಣವಿದೆ. ಶಿಫಾರಸು ತಿನ್ನುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಮಾಡುವವರಿಗೂ ಸಂಬಂಧಿಸಿದ್ದು. ಬರೀ ಹೆಸರು ಕೇಳಿ ಬಂದವರು ಇಡ್ಲಿ ಹೋಟೆಲಿನಲ್ಲಿ ನೂಡಲ್ಸ್ ಕೇಳುತ್ತಾರೆ, ಖಾನಾವಳಿಯಲ್ಲಿ ಪನೀರ್ ಕೇಳುತ್ತಾರೆ. ಕೇಳುವವರು ಹೆಚ್ಚಾದಂತೆ ಮಾಲೀಕರು ಅದನ್ನೂ ಬೋರ್ಡಿಗೆ ಸೇರಿಸುತ್ತಾರೆ. ಕೈಗಳು ಅಷ್ಟೇ, ಒಲೆ ಅಷ್ಟೇ, ಪಟ್ಟಿ ಮಾತ್ರ ಉದ್ದವಾಗುತ್ತದೆ. ಆಗ ಮೊದಲು ಹದ ತಪ್ಪುವುದು ಆ ಹೋಟೆಲಿಗೆ ಹೆಸರು ತಂದ ತಿಂಡಿಯೇ. ಅದರ ಬದಲು ಸರಿಯಾದ ಹೊತ್ತಿಗೆ ಹೋಗಿ, ಅವರು ಚೆನ್ನಾಗಿ ಮಾಡುವುದನ್ನೇ ಕೇಳಿ ತಿಂದು, ಗಲ್ಲಾದ ಹತ್ತಿರ ‘ಪಲ್ಯ ಬಹಳ ಚೆನ್ನಾಗಿತ್ತು’ ಎಂದು ಒಂದು ಮಾತು ಹೇಳಿ ಬಂದರೆ ಆ ಅಡುಗೆ ಉಳಿಯುತ್ತದೆ.

ಹಾಗಾಗಿ ಮುಂದಿನ ಪ್ರವಾಸದಿಂದ ಒಂದು ಕಟ್ಟುಪಾಡು ಮಾಡಿಕೊಳ್ಳಿ. ನಿಮ್ಮ ಗುಂಪಿನಲ್ಲಿ ಯಾರೇ ಹೋಟೆಲಿನ ಹೆಸರು ಹೇಳಿದರೂ ನಾಲ್ಕು ಮಾತು ಕೂಡಿಯೇ ಹೇಳಬೇಕು: ಯಾವ ತಿಂಡಿ, ಯಾವ ಹೊತ್ತು, ಯಾವ ದಿನ ರಜೆ, ಏನು ಸಿಗುವುದಿಲ್ಲ. ‘ದಾವಣಗೆರೆಗೆ ಹೋದರೆ ಬೆಣ್ಣೆ ದೋಸೆ ತಿನ್ನಿ’ ಎನ್ನುವ ಬದಲು ‘ಬೆಳಿಗ್ಗೆ ಜನ ಇರುವ ಹೊತ್ತಿಗೇ ಹೋಗಿ, ಕಾವಲಿ ಹತ್ತಿರ ಕೂತು ಒಂದಾದ ಮೇಲೆ ಒಂದು ಹೇಳಿ, ಪಾರ್ಸೆಲ್ ಬೇಡ’ ಎಂದು ಹೇಳಿ ನೋಡಿ. ಹೀಗೆ ಹೇಳಿಸಿಕೊಂಡು ಹೋದವರು ‘ಇಷ್ಟೇನಾ?’ ಎನ್ನುವುದು ಬಹಳ ಅಪರೂಪ. ಅಕಸ್ಮಾತ್ ಅಂದರೂ, ಅದು ಹೋಟೆಲಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಅವರ ನಾಲಿಗೆಯ ಊರು ಬೇರೆ ಎಂದು ತಿಳಿದು ಅವರಿಗೆ ಹಿಡಿಸುವ ಹೋಟೆಲಿಗೆ ನೀವೂ ಒಮ್ಮೆ ಹೋಗಿ ಬನ್ನಿ.