ಮಳೆಗೊಂದು ವಾಚು, ಮದುವೆಗೊಂದು

ಪ್ರಶ್ನೆ: ಈಚೆಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿದೆ. ವಿನೋಬನಗರದಿಂದ ದಿನಾ ಬೈಕಿನಲ್ಲೇ ಓಡಾಟ. ಆಫೀಸು, ಮದುವೆ-ಮುಂಜಿ, ಮಳೆ ಎಲ್ಲಕ್ಕೂ ಆಗುವಂಥ ಒಂದೇ ವಾಚು ನಾಲ್ಕು ಸಾವಿರದೊಳಗೆ ಸಿಕ್ಕೀತೆ? ಅಪ್ಪನ ಹಳೇ ಎಚ್‌ಎಂಟಿ ಬೀರುವಿನಲ್ಲಿದೆ, ಓಡುತ್ತಿಲ್ಲ. ಎಸೆಯಲು ಮನಸ್ಸು ಬರುತ್ತಿಲ್ಲ.
– ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ಎಸೆಯಬೇಡಿ. ನಿಮ್ಮ ಮದುವೆ ವಾಚು ಅದೇ. ನೀವು ಕೊಳ್ಳಬೇಕಾದದ್ದು ದಿನಬಳಕೆಗೆ ಒಂದು ಮಾತ್ರ. ಎರಡೂ ಸೇರಿ ನಿಮ್ಮ ನಾಲ್ಕು ಸಾವಿರದೊಳಗೆ ಮುಗಿಯಬೇಕು.

ದಿನಬಳಕೆಯ ವಾಚನ್ನು ನಮ್ಮೂರಲ್ಲಿ ಆರಿಸಬೇಕಾದದ್ದು ಮಳೆ ನೋಡಿ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬೈಕ್ ಸವಾರನ ಮುಂಗೈ ಒಣಗುವುದೇ ಅಪರೂಪ. ಅಂಗಡಿಯಲ್ಲಿ ವಾಚು ಕೈಗೆ ಕೊಟ್ಟ ಕೂಡಲೇ ಡಯಲ್ ನೋಡುತ್ತ ಕೂರದೆ ತಿರುವಿ ಹಿಂದಿನ ಮುಚ್ಚಳ ಓದಿ. ಬರೀ ‘ವಾಟರ್ ರೆಸಿಸ್ಟಂಟ್’ ಎಂದಿದ್ದರೆ, ಇಲ್ಲವೇ 30 ಮೀಟರ್ ಎಂದಿದ್ದರೆ, ಕೈ ತೊಳೆಯುವಾಗ ಸಿಡಿಯುವ ನೀರಿಗೆ ಸಾಕು, ಅಷ್ಟೆ. ಅದನ್ನು ಕಟ್ಟಿಕೊಂಡು ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ; ಅಷ್ಟು ಆಳದಲ್ಲಿ ನಿಂತ ನೀರಿನ ಒತ್ತಡಕ್ಕೆ ಹೊಸ ವಾಚು ತಡೆಯುತ್ತದೆ ಎಂಬ ಲೆಕ್ಕ ಅದು. ನೀವು 50 ಮೀಟರ್‌ಗಿಂತ ಕೆಳಗೆ ಇಳಿಯಬೇಡಿ. 100 ಸಿಕ್ಕರೆ ನಿಶ್ಚಿಂತೆ.

ಬೆಲ್ಟು ಚರ್ಮದ್ದಾಗಿರುವುದು ಬೇಡ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಬೆಲ್ಟು ನೆನೆದು, ಬೆವರು ಕುಡಿದು, ಕೆಲವೇ ವಾರಗಳಲ್ಲಿ ವಾಸನೆ ಹಿಡಿಯುತ್ತದೆ; ಬೀರುವಿನಲ್ಲಿಟ್ಟರೆ ಬೂಷ್ಟು ಬರುತ್ತದೆ. ಸ್ಟೀಲ್ ಚೈನ್ ಅಥವಾ ರಬ್ಬರಿನಂಥ ಬೆಲ್ಟು ಇರಲಿ. ಆಫೀಸಿನಲ್ಲಿ ಇಸ್ತ್ರಿ ಅಂಗಿಯೇ ನಿಯಮವಾದರೆ ಮೂರು ಮುಳ್ಳು, ತಾರೀಖು, ಸ್ಟೀಲ್ ಚೈನ್ ಇರುವ ಸಾದಾ ಕ್ವಾರ್ಟ್ಜ್ ವಾಚು. ಅಷ್ಟು ಶಿಸ್ತಿಲ್ಲದ ಜಾಗವಾದರೆ ಕ್ಯಾಸಿಯೋದ ಎಇ-1200 ನೋಡಿ: 100 ಮೀಟರ್, ಕಂಪನಿ ಹೇಳುವಂತೆ ಹತ್ತು ವರ್ಷ ಬರುವ ಸೆಲ್ಲು. ಎಲ್ಲರ ಬಾಯಲ್ಲಿರುವ ಅದೇ ಕಂಪನಿಯ ಎಫ್-91ಡಬ್ಲ್ಯು 1989ರಿಂದ ಬರುತ್ತಿರುವ, ಬರೀ 21 ಗ್ರಾಂ ತೂಗುವ ಒಳ್ಳೆಯ ವಾಚು. ಆದರೆ ಅದರ ಮೇಲೆ ಮೀಟರ್ ಲೆಕ್ಕವೇ ಇಲ್ಲ. ಬೈಕ್ ಓಡಿಸುವವರಿಗೆ ನಾನದನ್ನು ಹೇಳುವುದಿಲ್ಲ.

ಅಗ್ಗದ ವಾಚು ಟೈಮು ತಪ್ಪುತ್ತದೆ ಎಂಬ ಅಳುಕು ಬಿಡಿ. ಕ್ವಾರ್ಟ್ಜ್ ವಾಚಿನೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನೇ ಎಣಿಸಿ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಸಾವಿರ ರೂಪಾಯಿಯದಾದರೂ ತಿಂಗಳಿಗೆ ಅರ್ಧ ನಿಮಿಷ ತಪ್ಪಿದರೆ ಹೆಚ್ಚು. ಲಕ್ಷ ಕೊಟ್ಟು ತಂದ ಕೀ ಕೊಡುವ ವಾಚು ಒಂದೇ ದಿನದಲ್ಲಿ ಕೆಲವು ಸೆಕೆಂಡು ಅತ್ತಿತ್ತ ಹೋಗುವುದುಂಟು.

ಗಾತ್ರದಲ್ಲೂ ಮೋಸ ಹೋಗಬೇಡಿ. ಬೆಲ್ಟು ಸಿಕ್ಕಿಸುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ವಾಚು ನಿಮ್ಮ ಮಣಿಕಟ್ಟಿನ ಅಗಲ ಮೀರಬಾರದು. ಸಾಧಾರಣ ಕೈಗೆ 36ರಿಂದ 40 ಮಿ.ಮೀ. ಡಯಲ್ ಒಪ್ಪುತ್ತದೆ. ಕೈತುಂಬ ದೊಡ್ಡ ವಾಚು ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತದೆ, ಮೇಲೆ ಮಳೆಕೋಟು ಹಾಕಿದರೆ ಕೇಳುವುದೇ ಬೇಡ.

ಇನ್ನು ಅಪ್ಪನ ವಾಚು. ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆಗಿಳಿಯಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಳಿಯನಿಗೆ ಉಂಗುರದ ಜೊತೆ ವಾಚು ಕೊಡುವುದೆಂದರೆ ಎಷ್ಟೋ ಮನೆಗಳಲ್ಲಿ ಎಚ್‌ಎಂಟಿಯೇ ಆಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಆ ಜಾಗ ಇಸ್ರೊಗೆ ಹೋಯಿತು. ಹಾಗಾಗಿ ಬಿಡಿಭಾಗ ಬೇಕಾದರೆ ಹೆಚ್ಚಿನಂಶ ಇನ್ನೊಂದು ಹಳೇ ವಾಚಿನಿಂದಲೇ ತೆಗೆಯಬೇಕು. ನಿಮ್ಮಲ್ಲಿರುವುದನ್ನು ಎಸೆಯಬಾರದು ಎಂದದ್ದು ಇದಕ್ಕೂ ಸೇರಿ.

ಡಯಲ್ ಮೇಲೆ 17 ಜ್ಯುವೆಲ್ಸ್ ಎಂದಿದ್ದರೆ ಬಹುಪಾಲು ಅದು ಜನತಾದಂಥ ಕೀ ಕೊಡುವ ವಾಚು. ವರ್ಷಗಟ್ಟಲೆ ನಿಂತ ವಾಚಿನೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಬಲವಂತವಾಗಿ ಕೀ ಕೊಡಬೇಡಿ, ಅಲ್ಲಾಡಿಸಿ ಓಡಿಸಲೂ ಬೇಡಿ. ಗಾಂಧಿ ಬಜಾರ್, ದುರ್ಗಿಗುಡಿ ಕಡೆ ವಿಚಾರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ, ಕೀ ಕೊಡುವ ವಾಚುಗಳ ಕೈ ಪಳಗಿದ ಹಿರಿಯರನ್ನು ಹುಡುಕಿ. ‘ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಡಿ’ ಎಂದು ಬಿಡಿಸಿ ಹೇಳಿ. ಡಯಲ್‌ಗೆ ಮಾತ್ರ ಹೊಸ ಬಣ್ಣ ಹೊಡೆಸಬೇಡಿ. ಹಳದಿಗಟ್ಟಿದ್ದರೂ ಮೂಲ ಡಯಲ್ಲೇ ಚೆಂದ, ಅದಕ್ಕೇ ಬೆಲೆ. ಮೇಲಿನ ಗಾಜು ಎಷ್ಟೋ ವಾಚುಗಳಲ್ಲಿ ಪ್ಲಾಸ್ಟಿಕ್ಕೇ; ಹಾಗಿದ್ದರೆ ಸಣ್ಣ ಗೀರುಗಳು ಟೂತ್‌ಪೇಸ್ಟ್ ಹಚ್ಚಿ ಮೆತ್ತಗೆ ಉಜ್ಜಿದರೆ ಹೋಗುತ್ತವೆ.

ಇದಕ್ಕೊಂದು ಕಂದು ಚರ್ಮದ ಬೆಲ್ಟು ಹಾಕಿಸಿ, ಇಲ್ಲಿ ಚರ್ಮವೇ ಸರಿ. ಪಂಚೆ-ಶಲ್ಯಕ್ಕೂ ಸೂಟಿಗೂ ಅಷ್ಟು ತೆಳು ವಾಚು ಹೊಂದುವಂತೆ ಇವತ್ತಿನ ಮಿಂಚುವ ದಪ್ಪ ವಾಚು ಹೊಂದುವುದಿಲ್ಲ. ದಿನಾ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿ ಆಯಿತೆನಿಸಿದಲ್ಲಿ ನಿಲ್ಲಿಸಿ. ಮೋಡ ಕಂಡರೆ ಜೇಬಿಗೆ ಹಾಕಿ. ಸ್ಪೀಕರ್, ಆಯಸ್ಕಾಂತದ ಬಟನ್ ಇರುವ ಮೊಬೈಲ್ ಪೌಚ್ ಹತ್ತಿರ ಇಡಬೇಡಿ. ಒಳಗಿನ ಕೂದಲೆಳೆಯಂಥ ಸುರುಳಿ ಆಯಸ್ಕಾಂತಕ್ಕೆ ಸಿಕ್ಕಿದರೆ ವಾಚು ಏಕಾಏಕಿ ಜೋರಾಗಿ ಮುಂದೆ ಓಡತೊಡಗುತ್ತದೆ.

ಹೊಸ ವಾಚಿನ ಬಗ್ಗೆ ಕೊನೆಯದಾಗಿ ಒಂದು. ಮುಂದೆ ಸೆಲ್ಲು ಹಾಕಿಸುವಾಗ ಎದುರಿಗೇ ನಿಂತಿರಿ. ಮುಚ್ಚಳದಡಿಯ ರಬ್ಬರ್ ಉಂಗುರ ಸರಿಯಾಗಿ ಕೂರದಿದ್ದರೆ 50 ಮೀಟರ್ ಎಂದು ಬರೆದದ್ದಕ್ಕೆ ಅರ್ಥವಿರುವುದಿಲ್ಲ. ಉಂಗುರ ಸೆಡೆತಿದ್ದರೆ ಬೇರೆಯದು ಹಾಕಿಸಿ. ವಾಚು ನಿಂತ ಮೇಲೆ ಸತ್ತ ಸೆಲ್ಲನ್ನು ಒಳಗೇ ಬಿಡಬೇಡಿ, ಅದು ಸೋರಿ ಸರ್ಕೀಟನ್ನೇ ತಿಂದುಹಾಕುತ್ತದೆ.